ಸೋದರಮಾವನ ಕಾರೂ ಹೊಗೆಯ ಕಾಯಿದೆಯೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಗಾಡಿಯ ಹೊಗೆಯನ್ನು ಕುರಿತು ಬರೆಯಹೊರಟರೆ ವಾಚಕರಿಗೆ ಆಶ್ಚರ್ಯವಾದೀತು. ಇತಿಹಾಸವನ್ನೂ ಐಚ್ಛಿಕ ಕನ್ನಡವನ್ನೂ ಓದುವವನಿಗೆ ಸೈಲೆನ್ಸರಿನ ಗೊಡವೆ ಏತಕ್ಕೆ? ಹಡಗಲಿಯಲ್ಲಿ ಹುಟ್ಟಿದವನು ಮಲ್ಲಿಗೆಯ ಕಂಪನ್ನು ಕುರಿತು ಬರೆಯಬೇಕೇ ಹೊರತು ಡೀಸೆಲಿನ ಕಮಟನ್ನು ಕುರಿತಲ್ಲ ಎಂದು ಗೆಳೆಯರು ಹಾಸ್ಯ ಮಾಡಿದ್ದೂ ಉಂಟು. ಆದರೆ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಮನೆಯ ತಾಪತ್ರಯ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಸೋದರಮಾವ ಬಾಡಿಗೆ ಕಾರು ಓಡಿಸುತ್ತಾರೆ. ನಮ್ಮ ಊರಿಗೆ ರೈಲಿಲ್ಲ. ಬಸ್ಸು ತಪ್ಪಿದವರಿಗೆ, ಹೆರಿಗೆಗೆ ಹೋಗುವವರಿಗೆ, ಮದುವೆಯ ದಿಬ್ಬಣಕ್ಕೆ, ಮೈಲಾರದ ಜಾತ್ರೆಗೆ ಇಂಥ ಗಾಡಿಗಳೇ ಗತಿ. ೨೦೨೧ರ ಕೊನೆಯಲ್ಲಿ ಅವರು ಹೊಲದ ಮೇಲೆ ಸಾಲ ಮಾಡಿ ಏಳು ಆಸನದ ಡೀಸೆಲ್ ಗಾಡಿಯೊಂದನ್ನು ಕೊಂಡರು. ಎರಡು ವರ್ಷ ತಂಟೆಯಿಲ್ಲದೆ ಓಡಿತು. ೨೦೨೪ರ ಬೇಸಗೆಯಲ್ಲಿ ಒಂದು ದಿನ ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿತು. ದೀಪವನ್ನು ಅಲಕ್ಷಿಸಿ ವಾರಗಟ್ಟಲೆ ಓಡಿಸಿದರು. ಆಮೇಲೆ ಗಾಡಿಯ ಕಸುವೇ ಉಡುಗಿತು. ಏರು ಬಂದರೆ ಎತ್ತಿನ ಬಂಡಿ ಹಿಂದೆ ಹಾಕುವಂತಾಯಿತು. ದೊಡ್ಡ ಊರಿನ ಒಂದು ಗ್ಯಾರೇಜಿಗೆ ಒಯ್ದಾಗ ಅಲ್ಲಿನ ಮೇಸ್ತ್ರಿ ನೋಡಿ, "ಸೈಲೆನ್ಸರಿನೊಳಗಿನ ಜಾಲಿ ಕಟ್ಟಿಕೊಂಡಿದೆ. ಹೊಸದಕ್ಕೆ ಲಕ್ಷದ ಮೇಲಾಗುತ್ತದೆ. ತೆಗೆದು ಎಸೆದರೆ ಹದಿನೈದು ಸಾವಿರದಲ್ಲಿ ಮುಗಿಯುತ್ತದೆ, ಗಾಡಿಗೆ ತಾಕತ್ತೂ ಬರುತ್ತದೆ" ಎಂದನಂತೆ. ಸಾಲದ ಕಂತು ಕಟ್ಟುವವನು ಯಾವುದನ್ನು ಆರಿಸಿಕೊಂಡಾನು? ಮಾಮ ತೆಗೆಸಿದರು.

ಈಗ ಗಾಡಿಯ ಎಫ್.ಸಿ. ಸಮೀಪಿಸಿತು. ಸಂಘದ ಯಾರೋ ಹೆದರಿಸಿದರು. ಒಂದು ರಾತ್ರಿ ಮಾಮ ಕಾಗದಗಳ ಚೀಲವನ್ನು ನನ್ನ ಮುಂದೆ ಸುರುವಿ, "ಲೇ ತಮ್ಮಾ, ನೀ ಕಾಲೇಜು ಕಲಿಯಾವ. ಈ ಕಾಯ್ದೇದಾಗ ಏನ್ ಬರದಾರ, ನೋಡಿ ಹೇಳು. ಗಾಡಿ ನಿಲ್ಲಿಸ್ತಾರೇನು?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಓದಿಕೊಂಡದ್ದೇ ಈ ಲೇಖನ.

ಮೊದಲು ಹೊಗೆಯ ಮೂಲವನ್ನು ನೋಡೋಣ. ಪೆಟ್ರೋಲ್ ಯಂತ್ರದಲ್ಲಿ ಕಿಡಿಯಿಂದ ಬೆಂಕಿ ಹೊತ್ತುತ್ತದೆ. ಡೀಸೆಲ್ ಯಂತ್ರದಲ್ಲಿ ಕಿಡಿಯೇ ಇಲ್ಲ. ಬರಿಯ ಗಾಳಿಯನ್ನು ಅದರ ಮೂಲ ಗಾತ್ರದ ಹದಿನೈದು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿ ಹಿಸುಕಿದರೆ ಅದು ಐದುನೂರು ಡಿಗ್ರಿಗೂ ಮೀರಿ ಕಾಯುತ್ತದೆ. ಆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ನವಿರಾಗಿ ಚಿಮುಕಿಸಿದರೆ ತಾನಾಗಿ ಉರಿಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬೆಚ್ಚಗಾಗುವುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತನು ೧೮೯೭ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಇಂಥ ಯಂತ್ರವನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಎಣ್ಣೆಯ ಉಳಿತಾಯದಲ್ಲಿ ಇದರ ಸಮಾನ ಬೇರೊಂದಿರಲಿಲ್ಲ. ನಮ್ಮ ಲಾರಿ, ಬಸ್ಸು, ಟ್ರ್ಯಾಕ್ಟರುಗಳೆಲ್ಲ ಆ ಪುಣ್ಯಾತ್ಮನ ಸಂತತಿಯೇ.

ಆದರೆ ಚಿಮುಕಿಸಿದ ಎಣ್ಣೆಯ ಪ್ರತಿಯೊಂದು ಹನಿಯ ಸುತ್ತಲೂ ಸಾಕಷ್ಟು ಗಾಳಿ ದೊರೆಯುವುದಿಲ್ಲ. ತುಂತುರಿನ ನಡುವೆ ಎಣ್ಣೆ ಹೆಚ್ಚು, ಗಾಳಿ ಕಡಮೆ. ಅಲ್ಲಿ ಎಣ್ಣೆ ಪೂರ್ತಿ ಉರಿಯದೆ ಮಸಿಯಾಗುತ್ತದೆ. ಒಲೆಗೆ ಒಮ್ಮೆಲೇ ಕುಳ್ಳು ತುರುಕಿದರೆ ಮನೆ ತುಂಬ ಹೊಗೆ ಏಳುವುದಿಲ್ಲವೆ? ಅಜ್ಜಿ ಆಗ ಊದುಗೊಳವೆ ತೆಗೆದುಕೊಳ್ಳುತ್ತಾಳೆ. ಗಾಳಿ ಹೋದೊಡನೆ ಹೊಗೆ ಅಡಗಿ ಉರಿ ಏಳುತ್ತದೆ. ಗಾಳಿಯ ಫಿಲ್ಟರು ಧೂಳು ಹಿಡಿದಿದ್ದರೂ, ಎಣ್ಣೆ ಚಿಮುಕಿಸುವ ನಳಿಕೆ ಸವೆದಿದ್ದರೂ, ಪಂಪಿನ ತಿರುಪನ್ನು ತಿರುಗಿಸಿ ಎಣ್ಣೆ ಹೆಚ್ಚು ಬಿಟ್ಟಿದ್ದರೂ ಕರಿಯ ಹೊಗೆ ಬರುವುದು ಈ ಕಾರಣದಿಂದಲೇ. ನಮ್ಮ ತರುಣ ಮಿತ್ರರಲ್ಲಿ ಕೆಲವರು ಕರಿಹೊಗೆ ಕಾರಿದಷ್ಟೂ ಗಾಡಿಗೆ ಬಲವೆಂದು ತಿಳಿದಿದ್ದಾರೆ. ಅದು ಬಲದ ಗುರುತಲ್ಲ. ಕಾಸು ಕೊಟ್ಟು ಕೊಂಡ ಎಣ್ಣೆ ಉರಿಯದೆ ಹೊರಗೆ ಹೋಗುತ್ತಿರುವುದರ ಗುರುತು. ನೀಲಿಛಾಯೆಯ ಹೊಗೆ ಬಂದರೆ ಇಂಜಿನ್ ಆಯಿಲು ಉರಿಯುತ್ತಿದೆಯೆಂದು ಅರ್ಥ. ಬಿಳಿಯ ಹೊಗೆ ಬಿಡದೆ ಬರುತ್ತಿದ್ದರೆ ಹಸಿ ಡೀಸೆಲೋ ತಂಪು ನೀರೋ ಸೇರುತ್ತಿದೆಯೆಂದು ಊಹಿಸಬಹುದು.

ಈ ಮಸಿಯ ಕಣಗಳು ಎಷ್ಟು ಸಣ್ಣವೆಂದರೆ ಅವುಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತ, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತ ಕಿರಿದು. ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನು. ಬೀದಿಯ ಧೂಳನ್ನು ಮೂಗಿನ ರೋಮವೂ ಗಂಟಲ ಕಫವೂ ತಡೆಯುತ್ತವೆ. ಈ ಕಣಗಳನ್ನು ತಡೆಯಲಾರವು. ಅವು ಶ್ವಾಸಕೋಶದ ತುತ್ತತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅರ್ಬುದ ಸಂಶೋಧನಾ ಸಂಸ್ಥೆಯು ೨೦೧೨ರ ಜೂನ್ ತಿಂಗಳಿನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯನಿಗೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಬೀಡಿ ಸೇದುವವನಿಗೆ ಬುದ್ಧಿ ಹೇಳುವ ನಾವು ಬಸ್‌ಸ್ಟ್ಯಾಂಡಿನಲ್ಲಿ ಚಾಲೂ ಇಟ್ಟ ಬಸ್ಸಿನ ಹಿಂದೆ ನಿಂತು ಅರ್ಧ ಗಂಟೆ ಹರಟುತ್ತೇವೆ.

ಹೀಗಿರುವುದರಿಂದಲೇ ಸರ್ಕಾರಗಳು ಹೊಗೆಗೆ ಮಿತಿ ಹಾಕತೊಡಗಿದವು. ನಮ್ಮ ದೇಶದ ಅಳತೆಗೋಲಿಗೆ ಭಾರತ್ ಸ್ಟೇಜ್ ಎಂದು ಹೆಸರು. ನಾಲ್ಕನೆಯ ಹಂತವು ೨೦೧೭ರ ಏಪ್ರಿಲ್ ೧ರಂದು ದೇಶಕ್ಕೆಲ್ಲ ಅನ್ವಯವಾಯಿತು. ಐದನೆಯದನ್ನು ಹಾರಿ, ೨೦೨೦ರ ಏಪ್ರಿಲ್ ೧ರಿಂದ ಆರನೆಯದೇ ಜಾರಿಗೆ ಬಂದಿತು. ನಾಲ್ಕನೆಯ ಹಂತದ ಡೀಸೆಲ್ ಕಾರು ಒಂದು ಕಿಲೋಮೀಟರು ಓಡಿದರೆ ೨೫ ಮಿಲಿಗ್ರಾಂ ಮಸಿ ಬಿಡಬಹುದಾಗಿತ್ತು. ಆರನೆಯದರಲ್ಲಿ ಅದು ೪.೫ ಮಿಲಿಗ್ರಾಮಿಗೆ ಇಳಿಯಿತು. ಎಣ್ಣೆಯಲ್ಲಿರುವ ಗಂಧಕವನ್ನೂ ಹತ್ತು ಲಕ್ಷ ಭಾಗಕ್ಕೆ ೫೦ರಿಂದ ೧೦ಕ್ಕೆ ಇಳಿಸಿದರು. ಎಣ್ಣೆಯನ್ನು ಹೀಗೆ ಶುದ್ಧ ಮಾಡದೆ ಜಾಲಿ ಹಾಕಿದ್ದರೆ ಅದು ಬೇಗನೆ ಕೆಟ್ಟುಹೋಗುತ್ತಿತ್ತು.

ಮಾಮನ ಕಾರಿನಲ್ಲಿದ್ದ ಜಾಲಿ ಇದೇ. ಚಹಾ ಸೋಸುವ ಜಾಲಿಯಂತೆ ತೆಳ್ಳಗಿನದೆಂದು ಭಾವಿಸಬೇಡಿ. ಅದು ಪಿಂಗಾಣಿಯಂಥ ವಸ್ತುವಿನಿಂದ ಮಾಡಿದ ಗಟ್ಟಿ ಗಡ್ಡೆ. ಅದರ ತುಂಬ ಜೇನುಗೂಡಿನಂತೆ ಉದ್ದುದ್ದ ಕೊಳವೆಗಳು. ಒಂದು ಕೊಳವೆಯ ಹಿಂದಿನ ಬಾಯಿ ಮುಚ್ಚಿದ್ದರೆ ಪಕ್ಕದ್ದರ ಮುಂದಿನ ಬಾಯಿ ಮುಚ್ಚಿರುತ್ತದೆ. ಒಳಗೆ ಹೊಕ್ಕ ಹೊಗೆಗೆ ಹೊರದಾರಿ ಇಲ್ಲವಾಗಿ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕವೇ ನುಸುಳಿ ಆಚೆಯ ಕೊಳವೆಗೆ ಹೋಗಬೇಕಾಗುತ್ತದೆ. ಅನಿಲ ನುಸುಳುತ್ತದೆ, ಮಸಿ ಗೋಡೆಗೆ ಅಂಟಿ ಉಳಿಯುತ್ತದೆ. ಹಾಗೆ ಕೂಡಿದ ಮಸಿಯನ್ನು ಯಂತ್ರವೇ ಆಗಾಗ ಸುಟ್ಟುಕೊಳ್ಳುವ ಏರ್ಪಾಡಿದೆ. ಗಾಡಿ ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡುತ್ತಿರುವಾಗ ಹೊಗೆಯ ಉಷ್ಣವನ್ನು ಸುಮಾರು ೬೦೦ ಡಿಗ್ರಿಗೆ ಏರಿಸಿ ಮಸಿಯನ್ನು ಬೂದಿ ಮಾಡುತ್ತದೆ. (ಅಂಥ ಹೊತ್ತಿನಲ್ಲಿ ಗಾಡಿಯನ್ನು ಒಣ ಸೊಪ್ಪೆಯ ಮೇಲೆ ಒಯ್ದು ನಿಲ್ಲಿಸಬಾರದು, ಬಣವೆಗೆ ಬೆಂಕಿ ಬಿದ್ದೀತು.)

ಮಾಮನ ಗಾಡಿಗೆ ಕೇಡು ಬಂದದ್ದು ಇಲ್ಲಿಯೇ. ಅವರ ಬಾಡಿಗೆ ಎಂಥದು? ಬಸ್‌ಸ್ಟ್ಯಾಂಡಿನಿಂದ ಮಾಗಳ, ಮಾಗಳದಿಂದ ವಾಪಸು. ಹಿರೇಹಡಗಲಿಗೆ ಒಂದು ಸುತ್ತು. ಹೊಳಲಿಗೆ ಹೋಗುವಾಗ ಹತ್ತು ಕಡೆ ನಿಲುಗಡೆ. ಇಂಜಿನ್ನು ಕಾಯುವಷ್ಟರಲ್ಲಿ ಬಂದ್ ಮಾಡುವುದು. ಹೀಗೆ ಓಡಿದರೆ ಮಸಿ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹಳದಿ ದೀಪ ಹತ್ತಿದುದರ ಅರ್ಥವೇನೆಂದರೆ, "ನನ್ನನ್ನು ಹೆದ್ದಾರಿಯಲ್ಲಿ ಸ್ವಲ್ಪ ದೂರ ಒಂದೇ ಸಮನೆ ಓಡಿಸು" ಎಂದು. ದೀಪ ಹತ್ತಿದ ದಿನವೇ ಹೊಸಪೇಟೆಗೆ ಒಂದು ಬಾಡಿಗೆ ಸಿಕ್ಕಿ ಹೋಗಿದ್ದರೆ ಲಕ್ಷ ರೂಪಾಯಿಯ ಮಾತೇ ಬರುತ್ತಿರಲಿಲ್ಲವೇನೋ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇದೆಲ್ಲ ಮುದ್ರಿತವಾಗಿದೆ. ಆದರೆ ಅದು ಇಂಗ್ಲಿಷಿನಲ್ಲಿದೆ. ಮಾಮ ಓದಿದ್ದು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ. ಕನ್ನಡ ನಾಡಿನಲ್ಲಿ ಮಾರುವ ಗಾಡಿಯ ಪುಸ್ತಕ ಕನ್ನಡದಲ್ಲಿರಬೇಕೆಂದು ಯಾರಾದರೂ ಕೇಳಬಾರದೆ ಎಂದು ನನಗೆ ಅನಿಸಿತು.

ಗ್ಯಾರೇಜಿನಲ್ಲಿ ಮಾಡಿದ ಕೆಲಸವನ್ನು ಗಾಡಿಯ ಕೆಳಗೆ ನುಸುಳಿ ನಾನೇ ನೋಡಿದೆ. ಉಕ್ಕಿನ ಡಬ್ಬಿಯನ್ನು ಕೊಯ್ದು, ಒಳಗಿನ ಗಡ್ಡೆಯನ್ನು ಒಡೆದು ತೆಗೆದು, ಬರಿಯ ಡಬ್ಬಿಯನ್ನು ಮತ್ತೆ ಬೆಸೆದಿದ್ದಾರೆ. ಮೇಲಿನಿಂದ ನೋಡಿದರೆ ಎಲ್ಲವೂ ಇದ್ದಂತೆಯೇ ಇದೆ. ವೆಲ್ಡಿಂಗಿನ ಗೆರೆಯೊಂದೇ ಸಾಕ್ಷಿ. ಜಾಲಿ ಇಲ್ಲದುದು ಗಾಡಿಯ ಗಣಕಯಂತ್ರಕ್ಕೆ ತಿಳಿಯಬಾರದಲ್ಲ, ಅದಕ್ಕೆ ಲ್ಯಾಪ್‌ಟಾಪ್ ಹಚ್ಚಿ ಸುಳ್ಳು ಹೇಳಿಕೊಟ್ಟಿದ್ದಾರೆ. ಒಡೆದು ತೆಗೆದ ಗಡ್ಡೆ ಏನಾಯಿತೆಂದು ಮಾಮನನ್ನು ಕೇಳಿದೆ. "ಅದೇನು ಕಸ, ಅಲ್ಲೇ ಬಿಟ್ಟು ಬಂದೆ" ಎಂದರು. ಆ ಕಸದ ಮೇಲೆ ಪ್ಲಾಟಿನಂ ಜಾತಿಯ ಅಮೂಲ್ಯ ಲೋಹದ ಲೇಪವಿರುತ್ತದೆ; ಗುಜರಿಯವರು ಅದನ್ನು ಒಳ್ಳೆಯ ಬೆಲೆಗೆ ಕೊಳ್ಳುತ್ತಾರೆ. ಹದಿನೈದು ಸಾವಿರವನ್ನೂ ಕೊಟ್ಟು ಪ್ಲಾಟಿನಮ್ಮನ್ನೂ ಕೊಟ್ಟು ಬಂದಿದ್ದರು ನಮ್ಮ ಮಾಮ!

ಇನ್ನು ಕಾಯಿದೆಯ ಮಾತು. ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವುದು ೧೯೮೮ರ ಮೋಟಾರು ವಾಹನ ಅಧಿನಿಯಮ ಮತ್ತು ೧೯೮೯ರ ಕೇಂದ್ರ ನಿಯಮಗಳು. ಅಧಿನಿಯಮದ ೫೨ನೆಯ ಕಲಮು, ತಯಾರಕನು ಗೊತ್ತುಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕನು ಗಾಡಿಯನ್ನು ಮಾರ್ಪಡಿಸಕೂಡದೆನ್ನುತ್ತದೆ. ೨೦೧೯ರ ಜನವರಿ ೯ರಂದು ಸುಪ್ರೀಂ ಕೋರ್ಟು ಕೇರಳದ ಮೊಕದ್ದಮೆಯೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ ೧೮೨-ಎ ಕಲಮಿನ ಪ್ರಕಾರ, ಒಪ್ಪಿಗೆಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಎರಡೂ. ೧೯೦ನೆಯ ಕಲಮಿನ ಎರಡನೆಯ ಭಾಗ ಇನ್ನೂ ಬಿಗಿ: ಶಬ್ದ ಮತ್ತು ಹೊಗೆಯ ಮಿತಿಯನ್ನು ಮೀರಿದ ಗಾಡಿಯನ್ನು ಓಡಿಸಿದವನಿಗೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ, ಮೇಲಾಗಿ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ. ಡ್ರೈವರನಿಗೆ ಲೈಸೆನ್ಸು ಹೋಗುವುದೆಂದರೆ ರೈತನ ಎತ್ತು ಹೋದಂತೆ. ಮಾಲೀಕನೆಂಬ ಮಾತನ್ನು ಗಮನಿಸಿರಿ. ಕೊಯ್ದವನು ಮೇಸ್ತ್ರಿ; ಕಲಮು ಹಿಡಿಯುವುದು ಮಾಮನನ್ನು. ಇದು ನ್ಯಾಯವೋ ಅಲ್ಲವೋ, ಕಾಯಿದೆ ಓದುವ ಮಿತ್ರರು ತೀರ್ಮಾನಿಸಲಿ. ನನಗಂತೂ ಇದು ಅರೆನ್ಯಾಯವಾಗಿ ತೋರಿತು.

ಸದ್ದಿನ ವಿಷಯದಲ್ಲಿ ನಿಯಮ ೧೨೦ ಎಲ್ಲ ಗಾಡಿಗೂ, ಟ್ರ್ಯಾಕ್ಟರಿಗೂ ಸಹ, ಸೈಲೆನ್ಸರು ಇರಲೇಬೇಕೆನ್ನುತ್ತದೆ. ಜಾತ್ರೆಯ ದಿನ ಫಟ್ ಫಟ್ ಎಂದು ಗುಂಡು ಹಾರಿಸುವಂತೆ ಬೈಕು ಓಡಿಸುವವರು ಇದನ್ನು ಓದಿಲ್ಲ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಅಂಥ ಸೈಲೆನ್ಸರುಗಳನ್ನು ಬಿಚ್ಚಿಸಿ, ಬೀದಿಯಲ್ಲಿ ಸಾಲಾಗಿ ಹರವಿ, ರೋಡ್ ರೋಲರ್ ಹಾಯಿಸಿದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಸದ್ದು ಕಿವಿಗೆ ಕೇಳಿಸುವುದರಿಂದ ಅದರ ಮೇಲೆ ಸಿಟ್ಟು ಬರುತ್ತದೆ. ಮಾಮನ ಕಾರು ಸದ್ದು ಮಾಡುವುದಿಲ್ಲ, ಯಾರಿಗೂ ಸಿಟ್ಟಿಲ್ಲ.

ತಪಾಸಣೆ ಎರಡು ಬಗೆ. ಒಂದು ಎಫ್.ಸಿ., ಎಂದರೆ ಗಾಡಿ ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ. ಬಾಡಿಗೆ ಗಾಡಿ ಹೊಸದಿದ್ದಾಗ ಎರಡು ವರ್ಷಕ್ಕೆ ಕೊಡುತ್ತಾರೆ. ಅನಂತರ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನವೀಕರಿಸಬೇಕು. ಸ್ವಂತ ಕಾರಿನವರು ಪುಣ್ಯವಂತರು. ಹದಿನೈದು ವರ್ಷ ತುಂಬಿ ನೋಂದಣಿ ಮುಗಿಯುವವರೆಗೆ ಅವರನ್ನು ಕೇಳುವವರಿಲ್ಲ. ಬ್ರೇಕು, ಸ್ಟಿಯರಿಂಗು, ದೀಪ, ಟೈರು, ಹಾರನ್ನುಗಳನ್ನು ನೋಡುವುದರಿಂದಲೇ ನಮ್ಮ ಹಿರಿಯರು ಮೋಟಾರು ವಾಹನ ನಿರೀಕ್ಷಕರನ್ನು ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುತ್ತ ಬಂದಿದ್ದಾರೆ. ಹೆಸರೇ ಹೇಳುವಂತೆ ಜನರ ಮನಸ್ಸಿನಲ್ಲಿ ತಪಾಸಣೆಯೆಂದರೆ ಬ್ರೇಕು, ಹೊಗೆಯಲ್ಲ.

ಎರಡನೆಯದು ಹೊಗೆಯ ಸರ್ಟಿಫಿಕೇಟು. ಗಾಡಿ ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ ಇದು ಎಲ್ಲರಿಗೂ ಕಡ್ಡಾಯ. ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ, ನಾಲ್ಕನೆಯ ಹಂತದಿಂದೀಚಿನ ಗಾಡಿಗೆ ವರ್ಷಕ್ಕೊಮ್ಮೆ. ಡೀಸೆಲ್ ಗಾಡಿಯನ್ನು ಪರೀಕ್ಷಿಸುವ ರೀತಿ ಸರಳವೂ ಸ್ವಾರಸ್ಯಕರವೂ ಆಗಿದೆ. ಇಂಜಿನ್ನನ್ನು ಚೆನ್ನಾಗಿ ಕಾಯಿಸಿ, ಗೇರಿಗೆ ಹಾಕದೆ, ಎಕ್ಸಿಲರೇಟರನ್ನು ಒಮ್ಮೆಗೇ ತಳದವರೆಗೆ ಒತ್ತಬೇಕು. ಹೊರಟ ಹೊಗೆಯನ್ನು ಒಂದು ಕೊಳವೆಯ ಮೂಲಕ ಹಾಯಿಸುತ್ತಾರೆ. ಕೊಳವೆಯ ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಬೆಳಕನ್ನು ಅಳೆಯುವ ಕಣ್ಣು. ಹೊಗೆ ಎಷ್ಟು ಬೆಳಕನ್ನು ನುಂಗಿತೆಂಬುದೇ ಅದರ ದಟ್ಟಣೆ. ನೂರಕ್ಕೆ ೬೫ ಪಾಲು ಬೆಳಕು ನುಂಗುವವರೆಗೆ ಹಳೆಯ ಗಾಡಿಗೆ ಕ್ಷಮೆಯುಂಟು. ನಾಲ್ಕನೆಯ ಹಂತದ ಗಾಡಿಗೆ ೫೦. ಆರನೆಯ ಹಂತದ್ದನ್ನು ಬೇರೆ ಮಾನದಲ್ಲಿ ೦.೭ ಎಂದು ಬರೆದಿದ್ದಾರೆ. ಈ ಲೆಕ್ಕಕ್ಕೆ ತಿರುಗಿಸಿದರೆ ಸುಮಾರು ೨೬ ಆಗುತ್ತದೆ. ಒಂದೇ ಸಲ ಒತ್ತಿದರೆ ಸಾಲದು, ಹಲವು ಸಲ ಒತ್ತಿ ಸರಾಸರಿ ತೆಗೆಯಬೇಕು.

ಈ ಪರೀಕ್ಷೆಯಲ್ಲಿ ಮಾಮನ ಕಾರು ಸಿಕ್ಕಿಬೀಳಬೇಕಾಗಿತ್ತಲ್ಲವೆ? ಬೀಳಲಿಲ್ಲ. ಜಾಲಿ ತೆಗೆಸಿದ ಮೇಲೂ ಸರ್ಟಿಫಿಕೇಟು ಸಿಕ್ಕಿತು. ನಾನೂ ಜೊತೆಗಿದ್ದೆ. ಹುಡುಗನು ನಂಬರ್ ಪ್ಲೇಟಿನ ಚಿತ್ರ ತೆಗೆದನು, ಕೊಳವೆಯನ್ನು ಸೈಲೆನ್ಸರಿನ ಬಾಯಿಗೆ ತೋರಿಸಿದಂತೆ ಮಾಡಿದನು, ಎಕ್ಸಿಲರೇಟರನ್ನು ಮೆಲ್ಲಗೆ ತುಳಿಯುವಂತೆ ಮಾಮನಿಗೆ ಹೇಳಿದನು. ಚಹಾ ಕುಡಿಯುವಷ್ಟರಲ್ಲಿ ಕಾಗದ ಕೈಗೆ ಬಂದಿತು. ಎಲ್ಲ ಕಡೆಯೂ ಹೀಗೆಯೇ ಎಂದು ನಾನು ಹೇಳಲಾರೆ; ಕಂಡದ್ದನ್ನು ಹೇಳಿದೆ. ಆದರೆ ನಿಷ್ಠೆಯಿಂದ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಇಂಜಿನ್ನು ಹೊಸದಾಗಿ ಸುಸ್ಥಿತಿಯಲ್ಲಿದ್ದರೆ ಜಾಲಿ ಇಲ್ಲದ ಕಾರೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಬೆಳಕನ್ನು ಅಡ್ಡಗಟ್ಟುವಷ್ಟು ದಟ್ಟವಾದ ಹೊಗೆಯನ್ನು ಹಿಡಿಯಲು ಮಾಡಿದ ಉಪಕರಣವದು. ಕಣ್ಣಿಗೆ ಕಾಣದ ಕೋಟ್ಯಂತರ ಕಣಗಳು ಅದಕ್ಕೂ ಕಾಣುವುದಿಲ್ಲ. ಭತ್ತ ತೂಗುವ ತಕ್ಕಡಿಯಲ್ಲಿ ಬಂಗಾರ ತೂಗಿದಂತೆ.

ಪರದೇಶಗಳವರಿಗೂ ಇದೇ ಪೇಚು ಬಂದಿತು. ಬ್ರಿಟನ್ನಿನಲ್ಲಿ ಕಾರುಗಳ ಕಡ್ಡಾಯ ತಪಾಸಣೆ ೧೯೬೦ರಲ್ಲಿ ಆರಂಭವಾಯಿತು. ಮೊದಲು ಹತ್ತು ವರ್ಷ ಹಳೆಯದಾದ ಗಾಡಿಗೆ ಮಾತ್ರವಿದ್ದದ್ದು, ೧೯೬೭ರಲ್ಲಿ ಮೂರು ವರ್ಷಕ್ಕೆ ಇಳಿಯಿತು. ಅಲ್ಲಿ ಸ್ವಂತ ಕಾರಿಗೂ ವರ್ಷವರ್ಷ ಪರೀಕ್ಷೆ. ಜಾಲಿ ತೆಗೆಸುವ ಚಾಳಿ ಅಲ್ಲಿಯೂ ಹಬ್ಬಿದಾಗ, ೨೦೧೪ರ ಫೆಬ್ರವರಿಯಿಂದ ಜಾಲಿ ಇರಬೇಕಾದ ಗಾಡಿಯಲ್ಲಿ ಅದಿಲ್ಲದಿದ್ದರೆ ನಪಾಸೆಂದು ವಿಧಿಸಿದರು. ಜನರು ಖಾಲಿ ಡಬ್ಬಿ ಉಳಿಸಿ ಒಳಗಿನದನ್ನು ಮಾತ್ರ ತೆಗೆಸಿದರು. ೨೦೧೮ರ ಮೇ ೨೦ರಿಂದ, ಜಾಲಿಯಿರುವ ಗಾಡಿಯ ಬಾಲದಲ್ಲಿ ಯಾವ ಬಣ್ಣದ ಹೊಗೆ ಕಂಡರೂ, ಡಬ್ಬಿಯನ್ನು ಕೆಣಕಿದ ಗುರುತು ಕಂಡರೂ ನಪಾಸೆಂದು ಬಿಗಿಗೊಳಿಸಿದರು. ಜರ್ಮನಿಯವರು ೨೦೨೩ರ ಜುಲೈ ೧ರಿಂದ ಬೆಳಕಿನ ಉಪಕರಣವನ್ನು ಬಿಟ್ಟು, ಆರನೆಯ ಹಂತಕ್ಕೆ ಸಮನಾದ ಡೀಸೆಲ್ ಗಾಡಿಗಳ ಹೊಗೆಯಲ್ಲಿ ಕಣಗಳನ್ನೇ ಎಣಿಸತೊಡಗಿದರು. ಜಾಲಿ ಇಲ್ಲದಿದ್ದರೆ ಎಣಿಕೆ ನೂರಾರು ಪಟ್ಟು ಏರಿ ಕಳ್ಳತನ ತಟ್ಟನೆ ಹೊರಬೀಳುತ್ತದೆ. ನಮ್ಮಲ್ಲೂ ಎಣಿಸುವ ಯಂತ್ರ ಬರದ ಹೊರತು ಆರನೆಯ ಹಂತದ ಮಾತು ಕಾರ್ಖಾನೆಯ ಬಾಗಿಲಲ್ಲೇ ನಿಂತುಬಿಡುತ್ತದೆಂದು ನನ್ನ ಅಭಿಪ್ರಾಯ.

ಕಳ್ಳತನ ಬಡ ಡ್ರೈವರರ ಸೊತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯು ಸುಮಾರು ಒಂದು ಕೋಟಿ ಹತ್ತು ಲಕ್ಷ ಡೀಸೆಲ್ ಕಾರುಗಳೊಳಗೆ, ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ಹತೋಟಿಗೆ ತರುವ ಗುಪ್ತ ಸೂತ್ರವನ್ನು ಇರಿಸಿತ್ತು. ಅಮೆರಿಕದ ಪರಿಸರ ಇಲಾಖೆ ೨೦೧೫ರ ಸೆಪ್ಟೆಂಬರ್ ೧೮ರಂದು ಅದನ್ನು ಬಯಲಿಗೆಳೆಯಿತು. ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲಿಯೂ ಮೂರು ಲಕ್ಷಕ್ಕೆ ಮೀರಿದ ಕಾರುಗಳನ್ನು ಆ ಕಂಪನಿ ದುರಸ್ತಿಗೆಂದು ಹಿಂದಕ್ಕೆ ಕರೆಸಿಕೊಂಡಿತು. ಅದನ್ನು ಕೇಳಿ ಮಾಮ, "ಹಂಗಾರ ನಾನೊಬ್ಬನ ಅಲ್ಲ ಬಿಡು" ಎಂದು ನಕ್ಕರು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನಮ್ಮ ಮನೆಯ ಪಡಸಾಲೆಗೂ ಗಾಡಿ ನಿಲ್ಲಿಸುವ ಜಾಗಕ್ಕೂ ಹತ್ತು ಮಾರು ದೂರ. ಬೆಳಗಿನ ಐದು ಗಂಟೆಗೆ ಬಾಡಿಗೆಗೆ ಹೊರಡುವ ಮುನ್ನ ಮಾಮ ಕಾಲು ಗಂಟೆ ಗಾಡಿ ಚಾಲೂ ಇಡುತ್ತಾರೆ. ಅಜ್ಜಿಗೆ ಉಬ್ಬಸ. ಪಡಸಾಲೆಯಲ್ಲಿ ಮಲಗಿದವಳು ಆ ಹೊತ್ತಿಗೆ ಎದ್ದು ಕುಳಿತು ಕೆಮ್ಮುವುದನ್ನು ಕೇಳಿ ಕೇಳಿ ನಮಗೆ ಅಭ್ಯಾಸವಾಗಿತ್ತು. ಅವಳ ಉಬ್ಬಸ ಇಪ್ಪತ್ತು ವರ್ಷದ್ದು. ಒಲೆಯ ಹೊಗೆ ತಂದದ್ದೆಂದು ವೈದ್ಯರು ಹೇಳಿದ್ದರು. ಕಾರಿನಿಂದ ಬಂತೆಂದು ನಾನು ಹೇಳುವುದಿಲ್ಲ. ಆದರೆ ಓದಿದ್ದನ್ನೆಲ್ಲ ನಾನು ಗಟ್ಟಿಯಾಗಿ ಮಾಮನಿಗೆ ಹೇಳುತ್ತಿದ್ದಾಗ ಅಜ್ಜಿ ಒಳಗಿನಿಂದ, "ಅದಕ್ಕ ಏನೋ ಹಿಂದಿಲ್ಲದ ನಾತ ಬರ್ತೈತಿ ಅಂತ ನಾ ಹೇಳಿದ್ರ ಯಾರ್ ಕೇಳಿದ್ರಿ?" ಎಂದಳು. ಮಾಮ ಮರುಮಾತಾಡಲಿಲ್ಲ. ಮರುದಿನದಿಂದ ಗಾಡಿಯನ್ನು ಬೀದಿಯ ತುದಿಗೆ ನಿಲ್ಲಿಸತೊಡಗಿದರು. ಅಲ್ಲಿಯೂ ಯಾರದೋ ಮನೆಯಿದೆ.

ಕೊನೆಗೆ ಮಾಮ ಹೊಸ ಜಾಲಿ ಹಾಕಿಸುವುದೆಂದು ನಿಶ್ಚಯಿಸಿದರು. ಕಾಯಿದೆಯ ಹೆದರಿಕೆ ಎಷ್ಟೋ ಅಜ್ಜಿಯ ಮಾತು ಎಷ್ಟೋ ನಾನರಿಯೆ. ಹಣ ಸಂಘದ ಸಾಲ. ಹುಬ್ಬಳ್ಳಿಯಿಂದ ಸಾಮಾನು ಬರಬೇಕಾಗಿದೆ. ಈ ಲೇಖನ ಬರೆಯುವ ಹೊತ್ತಿಗೆ ಗಾಡಿ ಬೇವಿನ ಮರದ ಕೆಳಗೆ ನಿಂತು ಹದಿನಾಲ್ಕು ದಿನವಾಯಿತು. ಬಾಡಿಗೆಯಿಲ್ಲದ ದಿನದ ಲೆಕ್ಕವನ್ನು ಅತ್ತೆ ಕ್ಯಾಲೆಂಡರಿನ ಮೇಲೆ ಬರೆದಿಡುತ್ತಿದ್ದಾರೆ.

ಹಳೆಯ ಡೀಸೆಲ್ ಕಾರುಗಳು ಬೆಂಗಳೂರಿನಿಂದ ನಮ್ಮ ಕಡೆಗೆ ಮಾರಾಟಕ್ಕೆ ಬರುತ್ತಿರುತ್ತವೆ. ಕೊಳ್ಳುವ ವಿಚಾರವಿರುವವರಿಗೆ ಒಂದು ಉಪಾಯ ಹೇಳುತ್ತೇನೆ. ೨೦೨೦ರ ಏಪ್ರಿಲಿನಿಂದ ಈಚಿನ ಗಾಡಿಯಾದರೆ, ತಣ್ಣಗಿರುವಾಗ ಸೈಲೆನ್ಸರಿನ ಬಾಯಿಯೊಳಗೆ ಬಿಳಿಯ ಬಟ್ಟೆಯಿಂದ ಒರೆಸಿ ನೋಡಿರಿ. ಜಾಲಿ ಸರಿಯಾಗಿದ್ದರೆ ಬಟ್ಟೆಗೆ ಹೆಚ್ಚೆಂದರೆ ಧೂಳು ಹತ್ತೀತು. ಕಾಡಿಗೆಯಂಥ ಮಸಿ ಬಂದರೆ, ಕೆಳಗೆ ಬಾಗಿ ವೆಲ್ಡಿಂಗಿನ ಗೆರೆಯನ್ನು ಹುಡುಕಿರಿ. ಇದಕ್ಕಿಂತ ಹಳೆಯ ಕಾರುಗಳಲ್ಲಿ ಬಹುಮಟ್ಟಿಗೆ ಜಾಲಿಯೇ ಇರುವುದಿಲ್ಲವಾದ್ದರಿಂದ ಅವುಗಳಲ್ಲಿ ಮಸಿ ಕಂಡರೆ ಮಾಲೀಕನನ್ನು ಸಂಶಯಿಸಬೇಡಿ. ಈ ಪ್ರಯೋಗವನ್ನು ನಮ್ಮ ಕಾಲೇಜಿನ ಆವರಣದಲ್ಲಿ ನಿಲ್ಲುವ ನಾಲ್ಕು ಹೊಸ ಡೀಸೆಲ್ ಗಾಡಿಗಳ ಮೇಲೆ ನಾನು ಗುಟ್ಟಾಗಿ ಮಾಡಿದ್ದೇನೆ. ಮೂರರಲ್ಲಿ ಬಟ್ಟೆ ಬಿಳಿಯಾಗಿಯೇ ಉಳಿಯಿತು. ನಾಲ್ಕನೆಯದು ಯಾರದೆಂಬುದನ್ನು, ಆಂತರಿಕ ಅಂಕಗಳು ಇನ್ನೂ ಬರಬೇಕಾಗಿರುವುದರಿಂದ, ಇಲ್ಲಿ ಹೇಳುವುದಿಲ್ಲ.